ಮೊದಲ ಐವತ್ತು ಅಡಿ

ಸಿಂಧನೂರು,
೮ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಕಾಕಾ,

ನಿಮ್ಮ ದಾನಿಯ ಶರಣು. ಮೊದಲು ನಿಮ್ಮ ಮೊಣಕಾಲಿನ ಸುದ್ದಿ ಬರೆಯಿರಿ. ಶ್ರೀಶೈಲದಲ್ಲಿ ಈಗ ಚಳಿ ಬಿದ್ದಿರಬೇಕು. ಛತ್ರದ ಕೆಳಗಿನ ಕೋಣೆಯಲ್ಲಿ ನೀವು ಬರೀ ಚಾಪೆಯ ಮೇಲೆ ಮಲಗುತ್ತೀರೆಂದು ತಮ್ಮ ಗುರುಬಸವ ನೋಡಿಬಂದು ಹೇಳಿದಾಗಿನಿಂದ ಅವ್ವನ ಸಿಟ್ಟು ಇಳಿದಿಲ್ಲ. "ಎಪ್ಪತ್ತೆರಡು ತುಂಬಿದ್ವು, ಇನ್ನೂ ಗಣಿ ಕ್ಯಾಂಪಿನ ಹುಡುಗನಂಗ ನೆಲದ ಮ್ಯಾಲೆ ಬೀಳ್ತಾನ, ಯಾರಿಗೆ ತೋರ್ಸಾಕ?" ಎಂದು ದಿನಕ್ಕೊಮ್ಮೆ ಬೈಯುತ್ತಾಳೆ. ಬೈದು ಮುಗಿದ ಮೇಲೆ ನಿಮಗೆಂದು ಹೊಲಿಸಿದ ಕೌದಿ ಎಲ್ಲಿಗೆ ಬಂತೆಂದು ಕೇಳುತ್ತಾಳೆ. ಅದು ಮುಗಿದಿದೆ, ಆಕೆಯ ಹಳೆಯ ಇಳಕಲ್ ಸೀರೆಗಳದ್ದು, ಹೊತ್ತುಕೊಂಡರೆ ಎದ್ದೇಳಲು ಮನಸ್ಸಾಗುವುದಿಲ್ಲ. ಕಿವಿಯ ಮಷೀನಿನ ಸೆಲ್ಲು ಮುಗಿದಿದ್ದರೆ ತಿಳಿಸಿ, ಇಲ್ಲಿ ಸಿಗುತ್ತವೆ. ಮತ್ತೆ, ಛತ್ರದ ಟ್ಯೂಬ್‌ಲೈಟ್ ಬದಲಿಸಲು ನೀವೇ ಏಣಿ ಹತ್ತಬೇಡಿ. ಹಟ್ಟಿಯ ಗಣಿಯಲ್ಲಿ ಮೂವತ್ತೈದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರಿಗೆ ನಾನು ಹೇಳುವ ಮಾತಲ್ಲ, ಆದರೂ ಹೇಳುತ್ತಿದ್ದೇನೆ.

ಇಲ್ಲಿ ಎಲ್ಲರೂ ಸೌಖ್ಯ. ಭತ್ತದ ಕಟಾವು ನಡೆದಿದೆ. ದಢೇಸುಗೂರಿನ ಕಡೆ ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದಾರೆ, ಉಳಿದರ್ಧದಲ್ಲಿ ಬಸ್ಸು, ಟ್ರ್ಯಾಕ್ಟರು, ನಾವು. ಲಿಂಗಸುಗೂರಿನ ಅಂಗಡಿಗೆ ಗುರುಬಸವ ಹೊಸ ಶೆಟರ್ ಹಾಕಿಸಿದ್ದಾನೆ. ಎಳೆದರೆ ಇಡೀ ಬಜಾರಕ್ಕೆ ಕೇಳುತ್ತದೆ. ನಾನು ಪರೀಕ್ಷೆಯ ಪೇಪರ್ ತಿದ್ದಿ ಮುಗಿಸಿದ್ದೇನೆ.

ನಿಮ್ಮ ಪತ್ರ ಬಂದು ಹನ್ನೆರಡು ದಿನವಾಯಿತು. "ಸಂಕ್ರಾಂತಿ ಮುಗಿಸಿ ಬರ್ತೀನಿ. ನಿಮ್ಮ ಚಿಗವ್ವನ ರೀಲು ಒಮ್ಮೆ ನೋಡಬೇಕನಸಾಕತ್ತೈತಿ. ಆಕಿ ಹೋಗಿ ನಲವತ್ತು ವರ್ಷ ಆದ್ವು, ಇಷ್ಟು ದಿನ ಧೈರ್ಯ ಇರಲಿಲ್ಲ. ಮಷೀನು ಸಜ್ಜ ಇಡು" ಎಂದು ಬರೆದಿದ್ದೀರಿ. ಈ ನಾಲ್ಕು ಸಾಲನ್ನು ನಾನು ಎಷ್ಟು ಸಲ ಓದಿದೆನೋ ತಿಳಿಯದು. ಕಾಕಾ, ಆ ರೀಲು ಹಾಳಾಗಿದೆ. ನನ್ನ ಕೈಯಿಂದ ಹಾಳಾಗಿದೆ. ನೀವು ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದು, ಗೋಡೆಗೆ ಬಿಳಿ ಪಂಚೆ ಕಟ್ಟಿ, ಅದರ ಮುಂದೆ ಕೂತ ಮೇಲೆ ಇದನ್ನು ಹೇಳಲು ನನ್ನಿಂದಾಗದು. ಫೋನಿನಲ್ಲಾದರೆ ನಿಮಗೆ ಅರ್ಧ ಮಾತು ಕೇಳುವುದಿಲ್ಲ, ಕೇಳದ ಅರ್ಧವನ್ನು ನಾನು ಮತ್ತೊಮ್ಮೆ ಹೇಳದೆ ಬಿಟ್ಟುಬಿಡುತ್ತೇನೆ. ನನ್ನ ಗುಣ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಒಂದನೇ ತರಗತಿಯಿಂದ ಇಂಗ್ಲಿಷಿನಲ್ಲಿ ಓದಿದವಳು ನಾನು, ಕನ್ನಡದಲ್ಲಿ ಬರೆಯುವಾಗ ಒಂದೊಂದು ಅಕ್ಷರಕ್ಕೂ ನಿಲ್ಲಬೇಕಾಗುತ್ತದೆ, ಹಾಗೆ ನಿಂತು ನಿಂತು ಬರೆದರೆ ಸುಳ್ಳು ಬರುವುದಿಲ್ಲವೆಂದು ತಿಳಿದಿದ್ದೆ. ಆದರೆ ಅಕ್ಟೋಬರಿನ ಪತ್ರದಲ್ಲಿ "ರೀಲುಗಳೆಲ್ಲ ಚೆನ್ನಾಗಿವೆ" ಎಂದು ನಿಮಗೆ ಸರಾಗವಾಗಿಯೇ ಬರೆದೆ. ಅದು ಸುಳ್ಳು.

ಹತ್ತು ವರ್ಷದ ಹಿಂದೆ ನೀವು ಶ್ರೀಶೈಲಕ್ಕೆ ಹೊರಟಾಗ ಪ್ರೊಜೆಕ್ಟರನ್ನೂ ಹದಿಮೂರು ರೀಲುಗಳನ್ನೂ ಟ್ರಂಕಿನಲ್ಲಿಟ್ಟು ಕೊಟ್ಟಿರಿ. ಹದಿನಾಲ್ಕನೆಯದನ್ನು ಮಾತ್ರ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಕೈಗೇ ಕೊಟ್ಟು, "ಇದು ಬಿಡಿಯಾಗೇ ಇರಲಿ ದಾನಿ, ಉಳಿದವ್ರ ಜೋಡಿ ಬೆರಸಬ್ಯಾಡ" ಎಂದಿರಿ. ಹೆಂಡತಿಯನ್ನು ಕಳೆದುಕೊಂಡವರ ಮಾತೆಂದು ನಾನು ಕೇಳಿಸಿಕೊಂಡೆ. ಯಂತ್ರ ಬಲ್ಲವರ ಮಾತೂ ಅದರಲ್ಲಿತ್ತೆಂದು ಈಗ ಅನ್ನಿಸುತ್ತದೆ. ಗಣಿಯ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಮಾರಿದ ಕ್ಯಾಮೆರಾ, ಪ್ರೊಜೆಕ್ಟರು ಎರಡನ್ನೂ ನೀವು ಕೊಂಡದ್ದು ನಿಮ್ಮ ಮದುವೆಯಾದ ವರ್ಷ, ಎಂಬತ್ತೊಂದರಲ್ಲಿ. ಒಂದೊಂದು ರೀಲು ಐವತ್ತು ಅಡಿ, ಓಡಿದರೆ ಮೂರು ನಿಮಿಷದ ಮೇಲೆ ಸ್ವಲ್ಪ. ಆ ಯಂತ್ರ ಇನ್ನೂರು ಅಡಿಯವರೆಗೆ ತಡೆಯುತ್ತಿತ್ತು, ನಾಲ್ಕು ರೀಲನ್ನು ಅಂಟಿಸಿ ಒಟ್ಟಿಗೆ ಹಾಕಬಹುದಿತ್ತು, ಆದರೂ ನೀವು ಹಾಕಲಿಲ್ಲ. ಒಂದು ರೀಲು ಮುಗಿದರೆ ಲೈಟು ಹಾಕಿ, ಬೆವರು ಒರೆಸಿಕೊಂಡು, ಇನ್ನೊಂದನ್ನು ಏರಿಸುವಿರಿ. ಅಷ್ಟರಲ್ಲಿ ಚಿಗವ್ವ ಮಂಡಕ್ಕಿ ಹಂಚುತ್ತಿದ್ದಳಂತೆ. "ಮುಂದಿಂದು ಯಾವ್ದಲೇ?" ಎಂದು ಅಪ್ಪ ಕೇಳಿದರೆ "ತಡಿಯಣ್ಣಾ, ನನಗೂ ಗೊತ್ತಿಲ್ಲ" ಎನ್ನುತ್ತಿದ್ದಿರಂತೆ. ಡಬ್ಬಿಗಳ ಮೇಲೆ ನೀವು ಎಂದೂ ಹೆಸರು ಬರೆದವರಲ್ಲ.

ನನಗೆ ಇದೆಲ್ಲ ಅವ್ವ ಹೇಳಿ ಗೊತ್ತು. ಹಟ್ಟಿಯ ಇಂಗ್ಲಿಷ್ ಶಾಲೆಗೆಂದು ಅಪ್ಪ ನನ್ನನ್ನು ನಿಮ್ಮ ಕ್ವಾರ್ಟರ್ಸಿನಲ್ಲಿ ತಂದು ಬಿಟ್ಟಾಗ ನನಗೆ ನಾಲ್ಕು ವರ್ಷ. ಚಿಗವ್ವ ಕಾಮಾಲೆಯಲ್ಲಿ ತೀರಿಕೊಂಡಾಗ ಆರು. ಎರಡು ವರ್ಷ ಆಕೆಯೇ ನನ್ನ ತಾಯಿ. ಉಣಿಸಿದ್ದು, ಸ್ನಾನ ಮಾಡಿಸಿದ್ದು, ಎಲ್ಲ ಆಕೆಯೇ ಎಂದು ಎಲ್ಲರೂ ಹೇಳುತ್ತಾರೆ. ಜಡೆ ಹಾಕುವಾಗ ತಲೆಯನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದ ಒಂದು ಕೈ ನನಗೆ ನೆನಪಿದೆ. ಕೈಯ ಮೇಲಿನ ಮುಖ ನೆನಪಿಲ್ಲ. ನಿಮ್ಮ ಮದುವೆಯ ಫೋಟೋದಲ್ಲೂ ಬಾಸಿಂಗದ ಕೆಳಗೆ ಮೂಗಿನ ತುದಿಯಷ್ಟೇ ಕಾಣುತ್ತದೆ. ಆಕೆ ಓಡಾಡಿದ್ದು ಆ ಒಂದು ರೀಲಿನಲ್ಲಿ ಮಾತ್ರ. ಅದನ್ನು ಡಬ್ಬಿಯಿಂದ ತೆಗೆಯುವ ಧೈರ್ಯ ನನಗೂ ಹತ್ತು ವರ್ಷ ಬಂದಿರಲಿಲ್ಲ.

ಆಗಸ್ಟಿನಲ್ಲಿ ಅವ್ವನ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ಮೇಲೆ ಕನ್ನಡಿ ನೋಡಿಕೊಂಡು ಮೊದಲು ಆಡಿದ ಮಾತು: "ಮುಖದಾಗ ಇಷ್ಟ್ ಸುಕ್ಕು ಬಿದ್ದಾವ, ಯಾರೂ ಒಂದ್ ಮಾತು ಹೇಳಬಾರದೇನ್ರಲೇ?" ಎರಡನೆಯ ಮಾತು, ನಿಮ್ಮ ಹೆಸರು ಹಿಡಿದು, ಅಮರಗುಂಡನ ರೀಲು ತೋರಿಸು ಎಂಬುದು. ನಾನು ಯಂತ್ರವನ್ನು ಅವ್ವ ಇರುವ ಲಿಂಗಸುಗೂರಿಗೆ ಒಯ್ದು ನೀವು ಮಾಡುತ್ತಿದ್ದ ಹಾಗೆಯೇ ಒಂದೊಂದೇ ಹಾಕತೊಡಗಿದೆ. ಮೂರನೆಯದಕ್ಕೇ ಅವ್ವ ಕಣ್ಣು ಮುಚ್ಚಿಕೊಂಡಳು. "ಲೈಟು ಹಚ್ಚಿ ಆರಿಸಿ, ಹಚ್ಚಿ ಆರಿಸಿ, ಕಣ್ಣಾಗ ಖಾರ ಹಾಕಿದಂಗ ಆಗಾಕತ್ತೈತಿ. ಎಲ್ಲಾ ಒಂದ ಸಲಕ್ಕ ಓಡ್ಸಾಕ ಬರಂಗಿಲ್ಲೇನು? ನನ್ನ ಮಗಳು ಕಾಲೇಜಿನಾಗ ಫಿಜಿಕ್ಸ್ ಕಲಸ್ತಾಳ ಅಂತ ಎಲ್ಲಾರ ಮುಂದ ಹೇಳ್ಕೊಂತ ತಿರಗ್ತೀನಿ." ಗುರುಬಸವ ಸುಲಭದ ದಾರಿ ಹೇಳಿದ: "ಅಕ್ಕಾ, ಹೈದರಾಬಾದಿಗೆ ಕೊಟ್ಟು ಕಳಸಿದ್ರ ಪೆನ್‌ಡ್ರೈವಿನಾಗ ಹಾಕಿ ಕೊಡ್ತಾರ. ಟಿವಿಯಾಗ ನೋಡ್ಲಿ, ಬೇಕಂದ್ರ ಮಕ್ಕೊಂಡು ನೋಡ್ಲಿ." ದಾರಿಯಲ್ಲಿ ರೀಲು ಕಳೆದರೆ ಏನು ಗತಿ ಎಂದು ನಾನು ಬೇಡವೆಂದೆ. ಅದು ನೆಪ. ಗೋಡೆಯ ಮೇಲೆ, ನಿಮ್ಮ ಯಂತ್ರದಲ್ಲಿ, ನಾನು ಮಾಡಿದ ಏರ್ಪಾಟಿನಲ್ಲಿ ಆರುನೂರೈವತ್ತು ಅಡಿಯೂ ತಡೆಯಿಲ್ಲದೆ ಓಡಬೇಕು, ಎಲ್ಲರೂ ಅದನ್ನು ನೋಡಬೇಕು ಎಂಬ ಆಸೆ ನನಗಿತ್ತು. ನಲವತ್ತಾರನೆಯ ವಯಸ್ಸಿನಲ್ಲೂ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ ಹೋಗಿಲ್ಲ. ಅವತ್ತು ಗುರುಬಸವನ ಮಾತು ಕೇಳಿ ಒಂದು ನಕಲನ್ನಾದರೂ ಮಾಡಿಸಿಟ್ಟಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಇಲ್ಲಿನ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಾಸೀರನ ಲೇತ್ ಅಂಗಡಿಯಿದೆ. ಟ್ರ್ಯಾಕ್ಟರು, ಭತ್ತ ಕೊಯ್ಯುವ ಮಷೀನು, ಇವುಗಳ ಕೆಲಸ ಆತನದು. ಮಗಳು ನನ್ನ ಹತ್ತಿರ ಓದಿದವಳು. ಯಂತ್ರವನ್ನು ಮುಂದಿಟ್ಟಾಗ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಹೊಲಿಗಿ ಮಷೀನೇನ್ರಿ ಮೇಡಂ, ಹಿಟ್ಟಿನ ಗಿರಣಿಯೇನ್ರಿ?" ಎಂದ. ಓಡಿಸಿ ತೋರಿಸಿದ ಮೇಲೆ ಆ ದಿನ ಬೇರೆ ಕೆಲಸವನ್ನೇ ಮುಟ್ಟಲಿಲ್ಲ. ನಮಗೆ ಬೇಕಾಗಿದ್ದದ್ದು ಎಂಟುನೂರು ಅಡಿ ಹಿಡಿಯುವ ಗಾಲಿ, ಅಂದರೆ ಊಟದ ತಟ್ಟೆಯಷ್ಟು ಅಗಲದ್ದು. ಅಷ್ಟು ದೊಡ್ಡದನ್ನು ಸಿಕ್ಕಿಸಿದರೆ ಪೆಟ್ಟಿಗೆಗೇ ತಾಗುತ್ತಿತ್ತು. ಅದಕ್ಕೆ ಮುಂದಿನ ತೋಳನ್ನೂ ಹಿಂದಿನ ತೋಳನ್ನೂ ನಾಸೀರ್ ಒಂದೊಂದು ಗೇಣು ಉದ್ದ ಮಾಡಿಕೊಟ್ಟ. ಅಲ್ಯೂಮಿನಿಯಂ ತಗಡಿನಲ್ಲಿ ಎರಡು ಗಾಲಿ ಕತ್ತರಿಸಿ, ಫಿಲ್ಮು ಕೊಯ್ಯಬಾರದೆಂದು ಅಂಚನ್ನು ಬೆರಳಿಗೆ ಹತ್ತದ ಹಾಗೆ ಉಜ್ಜಿದ. ನೀವು ನೋಡಿದ್ದರೆ ಆತನ ಬೆನ್ನು ತಟ್ಟುತ್ತಿದ್ದಿರಿ. ಕೆಲಸದಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ, ಇದನ್ನು ನೀವು ನಂಬಬೇಕು.

ತೊಡಕು ಬಂದದ್ದು ಹಿಂದಿನ ಗಾಲಿಯಲ್ಲಿ, ಓಡಿದ ಫಿಲ್ಮನ್ನು ಸುತ್ತಿಕೊಳ್ಳುವ ಗಾಲಿ ಅದು. ಯಂತ್ರಕ್ಕಿದ್ದ ಸ್ಪ್ರಿಂಗಿನ ಬೆಲ್ಟಿಗೆ ಇನ್ನೂರು ಅಡಿ ಎಳೆಯುವಷ್ಟೇ ಶಕ್ತಿ. ದೊಡ್ಡ ಗಾಲಿ ತುಂಬುತ್ತ ಬಂದಂತೆ ಭಾರಕ್ಕೆ ನಿಂತುಬಿಡುತ್ತಿತ್ತು, ಫಿಲ್ಮು ಶಾವಿಗೆಯ ಹಾಗೆ ನೆಲಕ್ಕೆ ರಾಶಿ ಬೀಳುತ್ತಿತ್ತು. ನಾಸೀರ್ ಹಳೆಯ ಜೀಪಿನ ವೈಪರ್ ಮೋಟರನ್ನು ತಂದು ಹಿಂದಿನ ತೋಳಿಗೆ ಕೂರಿಸಿದ. ಬರೀ ಮೋಟರಿಟ್ಟರೆ ಎಳೆತ ಜಾಸ್ತಿಯಾಗುತ್ತದೆಂದು ನಡುವೆ ದಪ್ಪ ಉಣ್ಣೆಯ ಬಿಲ್ಲೆ ಹಾಕಿ ಒಂದು ತಿರುಪಿಟ್ಟ. ತಿರುಪು ಸಡಿಲಿಸಿದರೆ ಗಾಲಿ ಜಾರಿಕೊಂಡು ಮೆಲ್ಲಗೆ ಎಳೆಯುತ್ತದೆ, ಬಿಗಿಸಿದರೆ ಜೋರಾಗಿ. "ಇದನ್ನ ಹದಕ್ಕ ತರಾಕ ನಾಕ್ ದಿನ ಕೊಡ್ರಿ ಮೇಡಂ, ಕೆಟ್ಟ ಫಿಲ್ಮು ಹಾಕಿ ಮೊದಲಿಂದ ಕೊನೀತನ ಓಡ್ಸಿ ನೋಡೋಣು. ಜೋರ್ ಎಳದ್ರ ಹೊಸ ಸೊಸೀನೂ ತವರಿಗಿ ಓಡ್ತಾಳ, ಇದು ಫಿಲ್ಮು" ಎಂದ. ನಾನು ನಕ್ಕೆ. ಆದರೆ ನಾಲ್ಕು ದಿನ ಕೊಡಲಿಲ್ಲ, ಒಂದು ಸಂಜೆ ಕೊಟ್ಟೆ. ಮರುದಿನ ಮಹಾಲಯ ಅಮಾವಾಸ್ಯೆ, ಗಾಂಧಿ ಜಯಂತಿಯ ರಜೆಯೂ ಅಂದೇ. ಹಿರಿಯರಿಗೆ ಎಡೆ ಹಿಡಿದು ಮಧ್ಯಾಹ್ನ ರೀಲು ತೋರಿಸುತ್ತೇನೆಂದು ಅವ್ವನಿಗೆ ಮಾತು ಕೊಟ್ಟಾಗಿತ್ತು. ಆ ಒಂದು ಸಂಜೆಯಲ್ಲಿ ನಾನು ಮಾಡಿದ್ದೆಂದರೆ, ಕಾಲೇಜಿನ ಲ್ಯಾಬಿನಿಂದ ಸ್ಪ್ರಿಂಗ್ ತಕ್ಕಡಿ ತಂದು, ಗಾಲಿಗೆ ಹಳೆಯ ಕೆಟ್ಟ ಫಿಲ್ಮು ಪೂರ್ತಿ ತುಂಬಿ, ಅಷ್ಟು ಭಾರವನ್ನೂ ನಿಲ್ಲದೆ ಎಳೆಯುವವರೆಗೆ ತಿರುಪು ಬಿಗಿಸಿ, ಅಲ್ಲಿಗೇ ಗುರುತು ಹಾಕಿದೆ. ನಮ್ಮ ಅಂಜಿಕೆಯೆಲ್ಲ ಕೊನೆಯ ಬಗ್ಗೆ. ಕೊನೆಗೆ ನಿಂತು ಮರ್ಯಾದೆ ಕಳೆಯಬಾರದು. ಶುರುವಿನ ಬಗ್ಗೆ ನಾನು ಯೋಚಿಸಲೇ ಇಲ್ಲ.

ಅಮಾವಾಸ್ಯೆಯ ಎಡೆಯಲ್ಲಿ ಮೊದಲನೆಯದು ಚಿಗವ್ವನದು, ನಿಮಗೆ ಗೊತ್ತೇ ಇದೆ. ಮುತ್ತೈದೆಯಾಗಿ ಹೋದವಳೆಂದು ಹಸಿರು ಸೀರೆ, ಬಳೆ, ಅರಿಶಿನ ಕುಂಕುಮ ಇಟ್ಟು, ಆಕೆಯ ಎಡೆಯಾದ ಮೇಲೇ ಅಜ್ಜನದು, ಅಜ್ಜಿಯದು, ಅಪ್ಪನದು. ರೀಲುಗಳನ್ನು ನಾನು ಅದಾಗಲೇ ಅಂದಾಜಿನ ಮೇಲೆ ವರ್ಷದ ಪ್ರಕಾರ ಅಂಟಿಸಿಟ್ಟಿದ್ದೆ. ಹದಿಮೂರನ್ನೇ. ಹದಿನಾಲ್ಕನೆಯದನ್ನು ಬಿಡಿಯಾಗಿಯೇ ಒಯ್ದಿದ್ದೆ, ನೀವು ಹೇಳಿದ್ದು ತಲೆಯಲ್ಲಿತ್ತು. ಎಡೆ ಹಿಡಿದು ಎದ್ದ ಅವ್ವ, "ಎಡಿ ಹೆಂಗ ಮೊದಲ ಆಕೀದೋ, ರೀಲೂ ಹಂಗ ಆಕೀದ ಮೊದಲ ಬರ್ಲಿ. ಸತ್ತವ್ರನ್ನ ಕಡೀಕ ಕುಂದ್ರಸಬಾರ್ದು" ಎಂದಳು. ನನಗೂ ಅದು ಸರಿಯೆನ್ನಿಸಿತು. ಸರಿಯೆನ್ನುವುದಕ್ಕಿಂತ ಹೆಚ್ಚೇ, ಚಂದವೆನ್ನಿಸಿತು. ಅಲ್ಲೇ ಕೂತು ಅಂಟಿಸಿದೆ. ಅವ್ವನ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಕಾಕಾ ಬೇಡವೆಂದಿದ್ದಾರೆ ಎಂಬ ಒಂದು ಮಾತು ನಾನು ಅಂದಿದ್ದರೆ ಆಕೆ ಆಗಲೇ ಸುಮ್ಮನಾಗುತ್ತಿದ್ದಳು.

ಅಂಗಡಿಯ ಹಿಂದಿನ ಕಾಳಿನ ಕೋಣೆಗೆ ಕಿಟಕಿಯಿಲ್ಲ, ಬಾಗಿಲು ಹಾಕಿದರೆ ಮಧ್ಯಾಹ್ನ ಮೂರಕ್ಕೇ ಕತ್ತಲು. ಜೋಳದ ಚೀಲಗಳನ್ನು ಸರಿಸಿ ಪಂಚೆ ಕಟ್ಟಿದೆವು. ಅವ್ವ, ಗುರುಬಸವನ ಮನೆಯವರು, ಓಣಿಯ ನಾಲ್ಕೈದು ಜನ. ನಾಸೀರ್ ಸಿಂಧನೂರಿನಿಂದ ಬೈಕಿನಲ್ಲಿ ಬಂದಿದ್ದ, ಹೋಳಿಗೆ ಊಟವಾಗಿತ್ತು, ಯಂತ್ರದ ಬದಿಗೆ ನಿಂತಿದ್ದ. ಸ್ವಿಚ್ ಹಾಕಿದೆ. ಮಸ್ಕಿಯ ಗುಡ್ಡದ ಮೆಟ್ಟಿಲು ಬಂತು. ಚಿಗವ್ವ ನಮಗೆ ಬೆನ್ನು ಮಾಡಿ ಹತ್ತುತ್ತಿದ್ದಾಳೆ, ಗಾಳಿಗೆ ಸೆರಗು ಒಂದು ಕಡೆ, ಆಕೆ ಒಂದು ಕಡೆ. "ಶೇಖರಮ್ಮಾ" ಎಂದು ಅವ್ವ ಕರೆದೇಬಿಟ್ಟಳು. ಆಮೇಲೆ ಚಿತ್ರ ಮೇಲೆ ಕೆಳಗೆ ಕುಣಿಯಿತು, ಯಂತ್ರ ಕಟಕಟ ಅಂದಿತು, ಫಿಲ್ಮು ತುಂಡಾಗಿ ಪಂಚೆಯ ಮೇಲೆ ಬರೀ ಬೆಳಕು ಉಳಿಯಿತು. ಎಲ್ಲ ಒಂದು ಕ್ಷಣದಲ್ಲಿ ಆಗಿಹೋಯಿತು. ನಾನು ಸ್ವಿಚ್ ಆರಿಸಿದೆ.

ಅವ್ವನಿಗೆ ಈಗಲೂ ಪೂರ್ತಿ ಗೊತ್ತಿಲ್ಲ. "ಮಷೀನಿಗೂ ವಯಸ್ಸಾಗೈತಿ ಬಿಡು, ಆಕೀದು ಆಮ್ಯಾಲೆ ನೋಡಿದ್ರಾತು" ಎಂದಳು. ಗುರುಬಸವನ ಒತ್ತಾಯಕ್ಕೆ ಉಳಿದ ಹದಿಮೂರನ್ನು ಓಡಿಸಿದೆವು. ನಾಸೀರ್ ತಿರುಪನ್ನು ನಾಲ್ಕು ಸುತ್ತು ಸಡಿಲಿಸಿದ. ಕೊನೆಯ ಕಾಲು ಗಂಟೆ ಗಾಲಿ ಭಾರವಾಗಿ ನಿಧಾನಿಸಿದಾಗ ಆತ ಬದಿಯಲ್ಲಿ ಕೂತು ತೋರುಬೆರಳಿನಿಂದ ಅದನ್ನು ಮೆಲ್ಲಗೆ ತಿರುಗಿಸುತ್ತ ಹೋದ. ಒಂದು ಇಂಚೂ ಕೆಡಲಿಲ್ಲ. ಮೋಟರು, ತಕ್ಕಡಿ, ನನ್ನ ಲೆಕ್ಕ, ಇಷ್ಟೆಲ್ಲ ಮಾಡಿದ್ದಕ್ಕೆ ಒಬ್ಬರ ಬೆರಳು ಸಾಕಾಗಿತ್ತು. ಅವ್ವ ಆ ನಲವತ್ತು ನಿಮಿಷವೂ ಕಣ್ಣು ಮುಚ್ಚಲಿಲ್ಲ, ಅಪ್ಪ ಎಮ್ಮೆಗೆ ಹೆದರಿ ಓಡುವುದನ್ನು ನೋಡಿ ಕೆಮ್ಮು ಬರುವಷ್ಟು ನಕ್ಕಳು. ನಾನು ಹಿಂದೆ ನಿಂತು ಯಂತ್ರವನ್ನೇ ನೋಡುತ್ತಿದ್ದೆ.

ಚಿಗವ್ವನ ರೀಲನ್ನು ಸಿಂಧನೂರಿಗೆ ತಂದು ಭೂತಗನ್ನಡಿಯಲ್ಲಿ ಪರೀಕ್ಷಿಸಿದೆ. ಮೊದಲ ಏಳು ಅಡಿ ಸರಿಯಾಗಿದೆ, ಚಿಗವ್ವ ಬೆನ್ನು ಮಾಡಿ ಹತ್ತುವುದು. ಅದರಾಚೆ ಹತ್ತೊಂಬತ್ತು ಅಡಿ ಹಾಳಾಗಿದೆ. ಅಂಚಿನ ತೂತುಗಳಲ್ಲಿ ಒಂದೂ ಉಳಿದಿಲ್ಲ. ಇಷ್ಟು ಸಣ್ಣ ಫಿಲ್ಮಿನಲ್ಲಿ ತೂತು ಚಿತ್ರದ ಪಕ್ಕದಲ್ಲೇ ಇರುವುದರಿಂದ ಹರಕು ಚಿತ್ರದೊಳಗೂ ಹೋಗಿದೆ, ಇಲಿ ಕಚ್ಚಿದ ಹಾಗೆ. ಉಳಿದ ಇಪ್ಪತ್ತನಾಲ್ಕು ಅಡಿ ಚೆನ್ನಾಗಿದೆ, ಆದರೆ ಅದರಲ್ಲಿ ಚಿಗವ್ವ ಇಲ್ಲ. ಕಾಲುವೆಯ ನೀರಿದೆ, ಎತ್ತುಗಳಿವೆ, ಕ್ಯಾಮೆರಾ ಬಂದ್ ಮಾಡಲು ಮರೆತ ನಿಮ್ಮ ಬೂಟಿದೆ. ಹಾಳಾದ ಭಾಗದಲ್ಲಿ ಹನ್ನೊಂದು ಚಿತ್ರಗಳು ಹೇಗೋ ಇಡಿಯಾಗಿ ಉಳಿದಿವೆ. ಒಂದೊಂದೂ ತೊಗರಿ ಬೇಳೆಯಷ್ಟು. ಮೂರರಲ್ಲಿ ಆಕೆಯ ಮುಖವಿದೆ, ಒಂದರಲ್ಲಿ ಕಣ್ಣು ಮುಚ್ಚಿದ್ದಾಳೆ. ಅವನ್ನು ಬಿಳಿ ಕಾಗದದ ನಡುವೆ ಇಟ್ಟಿದ್ದೇನೆ, ಇನ್ನು ಯಾವ ಯಂತ್ರಕ್ಕೂ ಹಾಕುವುದಿಲ್ಲ.

ಯಾಕೆ ಹೀಗಾಯಿತೆಂದು ನಿಮಗೆ ಇಷ್ಟೊತ್ತಿಗೆ ಹೊಳೆದಿರುತ್ತದೆ. ಗಾಲಿ ಖಾಲಿಯಿದ್ದಾಗ ಫಿಲ್ಮು ಸುತ್ತುವುದು ನಡುವಿನ ಸಣ್ಣ ಅಚ್ಚಿನ ಮೇಲೆ. ತುಂಬಿದ ಗಾಲಿಯನ್ನು ತಿರುಗಿಸುವ ಅದೇ ಬಲ ಸಣ್ಣ ಸುತ್ತಿನಲ್ಲಿ ಮೂರು ಪಟ್ಟು ಜೋರಾಗಿ ಜಗ್ಗುತ್ತದೆ. ಪ್ರತಿವರ್ಷ ಮೊದಲ ಪಿಯುಸಿ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುವ ಪಾಠ. ಹಾಗಾಗಿ ಎಳೆತ ಎಲ್ಲಕ್ಕಿಂತ ಹೆಚ್ಚಾಗಿ ಬೀಳುವುದು ಮೊದಲ ಐವತ್ತು ಅಡಿಯ ಮೇಲೆ. ಬೇರೆ ಯಾರ ಮನೆಯಲ್ಲಾದರೂ ಮೊದಲು ಮದುವೆಯನ್ನೋ ಮಗುವನ್ನೋ ಹಾಕುತ್ತಿದ್ದರು. ನಾವು ಎಡೆಯ ಕ್ರಮ ಹಿಡಿದು ಸತ್ತವಳನ್ನು ಮುಂದೆ ತಂದೆವು. ಎಲ್ಲರಿಗಿಂತ ಹೆಚ್ಚು ಗೌರವ ಕೊಡಲು ಹೋಗಿ, ಹತ್ತು ವರ್ಷ ಡಬ್ಬಿಯಿಂದ ತೆಗೆಯದ, ಒಣಗಿ ಪೆಡಸಾದ ಫಿಲ್ಮನ್ನು ಎಲ್ಲಕ್ಕಿಂತ ಜೋರಾದ ಎಳೆತಕ್ಕೆ ಕೊಟ್ಟೆ. ಮುಂದೆ ಇಪ್ಪತ್ತು ಅಡಿ ಖಾಲಿ ಫಿಲ್ಮು ಅಂಟಿಸಿದ್ದರೂ ಪೆಟ್ಟು ಅದರ ಮೇಲೆ ಬೀಳುತ್ತಿತ್ತು. ನೀವು ಪ್ರತಿ ರೀಲಿನ ಮುಂದೆ ಎರಡು ಮೊಳ ಖಾಲಿ ಬಿಡುತ್ತಿದ್ದಿರಿ. ಜಿಪುಣರಾದ ನೀವು ಅಷ್ಟು ಫಿಲ್ಮನ್ನು ಯಾಕೆ ಹಾಳು ಮಾಡುತ್ತಿದ್ದಿರೆಂದು ಒಮ್ಮೆ ಕೂಡ ಕೇಳಿಕೊಳ್ಳಲಿಲ್ಲ.

ದೀಪಾವಳಿಯ ರಜೆಯಲ್ಲಿ ಯಾರಿಗೂ ಹೇಳದೆ ಮಸ್ಕಿಗೆ ಹೋಗಿದ್ದೆ. ಚಿಗವ್ವನ ತವರಿನಲ್ಲಿ ಒಂದಾದರೂ ಫೋಟೋ ಇದ್ದೀತೆಂದು. ಇರಲಿಲ್ಲ. ಪಕ್ಕದ ಮನೆಯಲ್ಲಿ ಹುಸೇನ್‌ಬೀ ಇದ್ದಾಳೆ, ಬಳೆ ಮಾರುತ್ತಿದ್ದವಳು, ಎಂಬತ್ತು ದಾಟಿದೆ. ನಾನು ಯಾರೆಂದು ಹೇಳಿದ ಕೂಡಲೇ ಕೈ ಹಿಡಿದು ಕೂರಿಸಿಕೊಂಡಳು. "ಶೇಖರಮ್ಮಂದು ಫೋಟೋ? ಆಕಿ ಕ್ಯಾಮೆರಾ ಕಂಡ್ರ ಹುಲಿ ಕಂಡಂಗ ಓಡ್ತಿದ್ಲವ್ವ. ನಿಮ್ಮ ಕಾಕಾ ಅದನ್ನ ಕೊಳ್ಳಾಗ ಹಾಕ್ಕೊಂಡು ಅತ್ತಿ ಮನಿಗೆ ಬಂದ್ರ, ಈಕಿ ನಮ್ಮ ಹಿತ್ತಲದಾಗ ಬಂದು ಕುಂದ್ರಾಕಿ. ಹುಸೇನ್‌ಬೀ, ನನ್ನ ಗಂಡ ಬಂದೂಕು ತಂದಾನ, ಬಾಗಲಾ ಹಾಕು ಅನ್ನಾಕಿ." ಇಬ್ಬರೂ ನಕ್ಕೆವು. ಆಕೆಯ ಮುಖ ಹೇಗಿತ್ತೆಂದು ಕೇಳಿದೆ. ಹಿಡಿದಿದ್ದ ನನ್ನ ಕೈಯನ್ನು ತಿರುಗಿಸಿ ನೋಡಿ, "ಮುಖ ಮರ್ತೀನಿ ಬೇಟಿ. ಕೈ ಅಳತಿ ನೆನಪೈತಿ. ಎರಡು-ಎರಡು. ಸಣ್ಣ ಕೈ, ಬಳಿ ಇಡಸೂ ಮುಂದ ಒಂದೂ ಒಡಿಲಿಲ್ಲ" ಎಂದಳು. ವಾಪಸು ಬಸ್ಸಿನಲ್ಲಿ ಬರುವಾಗ ಗುಡ್ಡದ ಮೆಟ್ಟಿಲು ಕಾಣದಾಗುವ ತನಕ ಕುತ್ತಿಗೆ ತಿರುಗಿಸಿ ನೋಡುತ್ತಿದ್ದೆ.

ನೀವು ಏನನ್ನುತ್ತೀರೋ ಎಂದು ಊಹಿಸಲು ನೋಡಿದೆ. ಬೈಯಲಾರಿರಿ ಎಂದೇ ಅನ್ನಿಸುತ್ತದೆ. "ಹೋಗ್ಲಿ ಬಿಡು ದಾನಿ" ಎಂದು ಒಂದು ಕಾರ್ಡು ಹಾಕಿ, ಆಮೇಲೆ ಮೊಣಕಾಲಿನ ನೆವ ಹೇಳಿ ಬರುವುದನ್ನೇ ನಿಲ್ಲಿಸುತ್ತೀರಿ. ಹಾಗೆ ಮಾಡಬೇಡಿ ಕಾಕಾ. ನೀವು ಬಂದು ಬೈದರೆ ತಡೆದುಕೊಂಡೇನು, ಬಾರದೆ ಕ್ಷಮಿಸಿದರೆ ತಡೆದುಕೊಳ್ಳಲಾರೆ. ಯಂತ್ರದಿಂದ ಆ ಮೋಟರನ್ನೂ ಉದ್ದದ ತೋಳುಗಳನ್ನೂ ಬಿಚ್ಚಿಸಿದ್ದೇನೆ, ಮೊದಲಿನ ಹಾಗೆಯೇ ಇದೆ. ಮೆಟ್ಟಿಲು ಹತ್ತುವ ಏಳು ಅಡಿಯನ್ನು ನೀವೇ ನಿಮ್ಮ ಕೈಯಾರೆ ಹಾಕಿ ನೋಡಬಹುದು. ಅರ್ಧ ನಿಮಿಷದಷ್ಟಿದೆ.

ಅವ್ವ ನಿಮಗೂ ಛತ್ರದ ದೊಡ್ಡವರಿಗೂ ಶರಣು ಹೇಳಿದ್ದಾಳೆ, ಮಲ್ಲಯ್ಯ ನಿಮ್ಮನ್ನು ಚೆನ್ನಾಗಿಡಲಿ ಎಂದಿದ್ದಾಳೆ, ಬೆಚ್ಚಗೆ ಮಲಗಲು ಹೇಳು ಎಂದೂ. ಗುರುಬಸವ, ಅವನ ಹೆಂಡತಿ ಮಕ್ಕಳ ನಮಸ್ಕಾರಗಳು. ನಾಸೀರ್ ನಿಮ್ಮನ್ನು ನೋಡಿಲ್ಲ, ಆದರೂ "ದೊಡ್ಡ ಮಿಸ್ತ್ರಿಗೆ ಸಲಾಂ ಬರೀರಿ" ಎಂದು ಹೇಳಿ ಕಳಿಸಿದ್ದಾನೆ.

ನಿಮ್ಮ ಮಗಳಂಥ,
ದಾನೇಶ್ವರಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಓದಿ ನೋಡಿದೆ. ಎಲ್ಲ ಒಂದು ಕ್ಷಣದಲ್ಲಿ ಆಗಿಹೋಯಿತೆಂದು ಬರೆದಿದ್ದೇನೆ, ಹತ್ತೊಂಬತ್ತು ಅಡಿ ಹಾಳಾಯಿತೆಂದೂ ಬರೆದಿದ್ದೇನೆ. ನಿಮಿಷಕ್ಕೆ ಹದಿನೈದು ಅಡಿ ಓಡುತ್ತದೆಂದು ನನಗೆ ಕಲಿಸಿದವರು ನೀವು, ನಿಮ್ಮ ಮುಂದೆ ಈ ಸುಳ್ಳು ನಿಲ್ಲುವುದಿಲ್ಲ. ಕ್ಷಣವಲ್ಲ, ಒಂದೂಕಾಲು ನಿಮಿಷ. ಚಿತ್ರ ಕುಣಿದ ಕೂಡಲೇ ನಾಸೀರ್ "ಬಂದ್ ಮಾಡ್ರಿ ಮೇಡಂ, ಹರಿಯಾಕತ್ತೈತಿ" ಎಂದ. ಎರಡು ಸಲ ಎಂದ. ನನ್ನ ಬೆರಳು ಸ್ವಿಚ್ಚಿನ ಮೇಲೇ ಇತ್ತು. "ತಡೀರಿ" ಎಂದೆ. ಪಂಚೆಯ ಮೇಲೆ ಚಿಗವ್ವ ಮೆಟ್ಟಿಲಲ್ಲಿ ಕೂತು ನನ್ನನ್ನು ಮೊಣಕಾಲ ನಡುವೆ ಇಟ್ಟುಕೊಂಡು ಜಡೆ ಹಾಕುತ್ತಿದ್ದಳು. ಮುಖ ಎತ್ತುತ್ತಾಳೆ, ಈಗ ಎತ್ತುತ್ತಾಳೆ ಎಂದು ಕಾಯ್ದೆ. ಎತ್ತಿದಳು. ಕ್ಯಾಮೆರಾ ಹಿಡಿದ ನಿಮ್ಮನ್ನು ನೆಟ್ಟಗೆ ನೋಡಿ ಏನೋ ಒಂದು ಸಣ್ಣ ಮಾತು ಅಂದಳು. ಅಂದು ತುಟಿ ಬಿಗಿಹಿಡಿದು ನಕ್ಕಳು. ಆಗ ಫಿಲ್ಮು ತುಂಡಾಯಿತು. ಸದ್ದಿಲ್ಲದ ಫಿಲ್ಮು, ಏನು ಅಂದಳೋ ನನಗೆ ಗೊತ್ತಾಗಲಿಲ್ಲ. ತುಟಿ ಹೇಗೆ ಆಡಿತೆಂಬುದು ಮಾತ್ರ ಗೊತ್ತು. ಮರೆಯಬಾರದೆಂದು ಎರಡು ತಿಂಗಳಿಂದ ದಿನಾ ಕನ್ನಡಿಯ ಮುಂದೆ ನಿಂತು ಹಾಗೆಯೇ ಆಡಿಸಿ ನೋಡುತ್ತಿದ್ದೇನೆ. ನಿಮ್ಮೆದುರು ಕೂತು ತೋರಿಸಿದರೆ ಆ ಮಾತು ಯಾವುದೆಂದು ನಿಮಗೆ ತಿಳಿದೀತು, ಬೇರೆ ಯಾರಿಗೂ ತಿಳಿಯದು. ಸಂಕ್ರಾಂತಿಯವರೆಗೆ ಕಾಯಬೇಡಿ, ಬೇಗ ಬನ್ನಿ ಕಾಕಾ. ಮೊನ್ನೆಯಿಂದ ಆ ಮಾತಿನ ನಡುವೆ ಒಂದು ಕಡೆ ತುಟಿ ಹೇಗೆ ಆಡಿತೆಂದು ನನಗೆ ಅನುಮಾನ ಬರತೊಡಗಿದೆ.